ಬೆಳ್ಳಿ ಡಬ್ಬಿ ಮತ್ತು ಸಾವಿತ್ರೆವ್ವನ ಹೆಪ್ಪು

ಹಿತ್ತಲ ಬಂಡೆಗಲ್ಲಿನ ಮೇಲೆ ಕುಕ್ಕರಗಾಲಲ್ಲಿ ಕುಳಿತು ಸಾವಿತ್ರೆವ್ವ ಡಬ್ಬಿ ತಿಕ್ಕುತ್ತಿದ್ದಳು. ಒಲೆಯ ಬೂದಿಗೆ ಚೂರು ಉಸುಕು ಬೆರೆಸಿ, ಅದರಲ್ಲಿ ತೆಂಗಿನ ನಾರು ಅದ್ದಿ, ಒಳಗೆ ಕೈ ಹಾಕಿ ಗರಗರ ತಿರುಗಿಸಿ ತಿಕ್ಕುವುದು ಅವಳ ಪದ್ಧತಿ. ಹಾಲು ಮೊಸರಿನ ಪಾತ್ರೆ ತಿಕ್ಕುವುದರಲ್ಲಿ ಮುಳಗುಂದದ ಆ ಓಣಿಯಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಈ ಮಾತನ್ನು ಎಲ್ಲರಿಗಿಂತ ಹೆಚ್ಚು ಸಲ ಹೇಳಿದವಳೂ ಅವಳೇ. ಆದರೆ ಇವತ್ತು ಸದ್ದಾಗದಂತೆ ತಿಕ್ಕುತ್ತಿದ್ದಳು. ನಡುನಡುವೆ ಅರ್ಧ ಎದ್ದು ಎದೆಮಟ್ಟದ ಗೋಡೆಯ ಆಚೆ ಕಣ್ಣು ಹಾಯಿಸುತ್ತಿದ್ದಳು. ಅದು ನೆಗೆಣ್ಣಿ ಭಾಗ್ಯಾಳ ಹಿತ್ತಲು. ಭಾಗ್ಯಾಳ ಹತ್ತಿರ ಇರುವಂಥದೇ ಬಿಳಿ ಡಬ್ಬಿ, ಅಂಥದೇ ನೀಲಿ ಮುಚ್ಚಳ ತನ್ನ ಮನೆಗೂ ಬಂದಿದೆ ಎಂಬುದು ಅವಳ ಕಣ್ಣಿಗೆ ಬೀಳಬಾರದಿತ್ತು.

ಸಾವಿತ್ರೆವ್ವ ಮೊಸರಿನವಳು. ಬೆಳಗಿನ ಬಸ್ಸಿಗೆ ಗಡಿಗೆ ಏರಿಸಿಕೊಂಡು ಗದಗಿಗೆ ಹೋಗುತ್ತಾಳೆ. ಅಲ್ಲಿ ಮುತ್ತಣ್ಣನ ಖಾನಾವಳಿಗೆ ಅವಳದೇ ಮೊಸರು. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಅದರ ಮೇಲೆ ಸೌಟಿನಲ್ಲಿ ಕೊಯ್ದು ಹಾಕಿದ ಎಮ್ಮೆ ಮೊಸರು. ಉಣ್ಣಲು ಬಂದವರು ‘ಮೊಸರು ತಾ’ ಎನ್ನದೆ ‘ಸಾವಿತ್ರೆವ್ವನ್ನ ತಾ’ ಎನ್ನುತ್ತಾರೆಂದು ಮುತ್ತಣ್ಣ ಒಮ್ಮೆ ನಗುತ್ತ ಹೇಳಿದ್ದ. ಆ ಮಾತನ್ನು ಅವಳು ಗಂಡ ಮುದಕಪ್ಪನಿಗೆ ಹೇಳಿದಳು, ಓಣಿಗೆ ಹೇಳಿದಳು, ಗೋಡೆಯ ಆಚೆ ಕೇಳುವಷ್ಟು ಗಟ್ಟಿಯಾಗಿ ಹಾಲು ಹಿಂಡುವಾಗ ಎಮ್ಮೆಗೂ ಹೇಳಿದಳು.

ಆ ಮೊಸರಿನ ಗುಟ್ಟು ಹೆಪ್ಪು. ಅತ್ತೆಯ ಕಾಲದಿಂದ ಒಂದು ದಿನವೂ ತಪ್ಪದೆ ನಿನ್ನೆಯ ಮೊಸರಿನಿಂದ ಇವತ್ತಿಗೆ, ಇವತ್ತಿನದರಿಂದ ನಾಳೆಗೆ ನಡೆದು ಬಂದ ಹೆಪ್ಪು ಅದು. ಅಣ್ಣತಮ್ಮಂದಿರ ಒಲೆ ಬೇರೆಯಾದ ದಿನ, ಮೈದುನನ ಹೆಂಡತಿ ಭಾಗ್ಯಾಳಿಗೆ ಒಂದು ಮಣ್ಣಿನ ಕುಡಿಕೆಯಲ್ಲಿ ಅದನ್ನು ತೆಗೆದುಕೊಟ್ಟವಳು ಸಾವಿತ್ರೆವ್ವನೇ. ಕೊಡುವಾಗ ಹಿರಿಯ ಸೊಸೆಯಾಗಿ ಒಂದು ನೇಮವನ್ನೂ ಹೇಳಿದ್ದಳು: ದೀಪ ಹಚ್ಚಿದ ಮೇಲೆ ಮನೆಯಿಂದ ಹೆಪ್ಪು ಹೊರಗೆ ಹೋಗಬಾರದು. ಮುಂದೆ ಒಂದು ಸಂಜೆ ಭಾಗ್ಯಾಳ ಹೆಪ್ಪಿನ ಕುಡಿಕೆಯನ್ನು ಬೆಕ್ಕು ಉರುಳಿಸಿತು. ಬಟ್ಟಲು ಹಿಡಿದು ಓಡಿಬಂದವಳನ್ನು ಸಾವಿತ್ರೆವ್ವ ಇದೇ ನೇಮ ಹೇಳಿ ಹೊಸ್ತಿಲಿನಿಂದ ವಾಪಸು ಕಳಿಸಿದಳು. ಬೆಳಗಾದ ಮೇಲೆ ಕೊಟ್ಟಳು, ಅದು ಬೇರೆ ಮಾತು.

ಭಾಗ್ಯಾ ಅಡುಗೆಯಲ್ಲಿ ಸಾಧಾರಣ, ಪಾತ್ರೆ ತಿಕ್ಕುವುದರಲ್ಲಂತೂ ಸೋಮಾರಿ. ಸಾವಿತ್ರೆವ್ವನ ಅಭಿಪ್ರಾಯ ಇದು. ಅಂಥವಳು ಹೋದ ಬೇಸಿಗೆಯಲ್ಲಿ ಹುಲಕೋಟಿಯಲ್ಲಿ ಹೈನುಗಾರ ಹೆಂಗಸರಿಗೆ ನಡೆದ ತರಬೇತಿಗೆ ಹೋಗಿಬಂದಳು. ಬರುವಾಗ ಒಂದು ಜೊತೆ ಬಿಳಿ ಡಬ್ಬಿ ತಂದಳು. ಒಳಮೈಗೆ ಬೆಳ್ಳಿಯ ಅತಿ ಸಣ್ಣ ಕಣಗಳ ಲೇಪ ಇದೆಯಂತೆ. ಕಣ್ಣಿಗೆ ಕಾಣದಷ್ಟು ಸಣ್ಣ. ಒಂದು ಕೂದಲೆಳೆಯ ಅಗಲದಲ್ಲಿ ಅಂಥ ಸಾವಿರಾರು ಕಣ ಸಾಲಾಗಿ ನಿಲ್ಲುತ್ತವಂತೆ. ಅದಕ್ಕೆ ನ್ಯಾನೊ ಅನ್ನುತ್ತಾರಂತೆ. ಬೆಳ್ಳಿ ಇದ್ದಲ್ಲಿ ಕ್ರಿಮಿ ಬೆಳೆಯುವುದಿಲ್ಲ, ಅದಕ್ಕೇ ಮೊಸರು ಬೇಗ ಹುಳಿಯಾಗುವುದಿಲ್ಲ. ಭಾಗ್ಯಾ ಇದನ್ನೆಲ್ಲ ಕಟ್ಟೆಯ ಮೇಲೆ ಕುಳಿತ ಹೆಂಗಸರಿಗೆ ಹೇಳಿದಳು. ಸಾವಿತ್ರೆವ್ವ ಬಾಗಿಲ ಮರೆಯಲ್ಲಿ ಅಕ್ಕಿ ಆರಿಸುತ್ತ ಕೇಳಿಸಿಕೊಂಡಳು. ಅಕ್ಕಿಯಲ್ಲಿ ಕಲ್ಲು ಉಳಿದವು.

ವಾರ ಕಳೆಯುವಷ್ಟರಲ್ಲಿ ‘ಭಾಗ್ಯಾನ ನ್ಯಾನೊ ಮೊಸರು’ ಎಂಬ ಮಾತು ಊರಿಗೆ ಬಂತು. ಸಾವಿತ್ರೆವ್ವನ ಮೊಸರು ಬಿಸಿಲೇರಿದರೆ ಹುಳಿಯಾಗುತ್ತಿತ್ತು; ಭಾಗ್ಯಾಳದು ಹೊತ್ತು ಮುಳುಗುವಾಗಲೂ ಸಿಹಿಯಾಗಿರುತ್ತಿತ್ತು. ಸಂಜೆ ಬಸ್‌ಸ್ಟ್ಯಾಂಡಿನ ಹತ್ತಿರ ಅವಳು ಡಬ್ಬಿ ತೆರೆದು ಕುಳಿತರೆ, ಹೊಲದಿಂದ ಬರುವವರು ನಿಂತು ಕೊಂಡೊಯ್ಯುತ್ತಿದ್ದರು.

ಇಷ್ಟನ್ನು ಸಾವಿತ್ರೆವ್ವ ಸಹಿಸಿಕೊಳ್ಳುತ್ತಿದ್ದಳೇನೋ. ಒಂದು ರಾತ್ರಿ ಮುದಕಪ್ಪ ಊಟಕ್ಕೆ ಕುಳಿತವನು, ತಮ್ಮನ ಮನೆಯಿಂದ ಬಂದ ಬಟ್ಟಲನ್ನು ಅನ್ನಕ್ಕೆ ಸುರುವಿಕೊಂಡ. ಬೆರಳು ನೆಕ್ಕಿದ.

“ಮುಂಜಾನಿ ಮೊಸರಂತ ಇದು. ಹುಳಿ ಅನ್ನೂದು ಒಂದಿಷ್ಟೂ ಇಲ್ಲ ನೋಡಲೇ!”

“ಹುಳಿ ಇಲ್ಲದ್ದು ಮೊಸರಲ್ರಿ, ಹಾಲು. ಹಲ್ಲಿಲ್ಲದೋರು ಉಣ್ಣೂದು.”

“ನನಗ ಹಲ್ಲದಾವ. ಆದ್ರೂ ರುಚಿ ಹತ್ತೇತಿ, ಏನ ಮಾಡೂದು?”

ಅವಳು ಅವನ ಮುಂದಿದ್ದ ತನ್ನ ಮೊಸರಿನ ಬೋಗೋಣಿಯನ್ನು ಎತ್ತಿ ಒಳಗಿಟ್ಟಳು. ಅವನು ಅದನ್ನು ಗಮನಿಸಲಿಲ್ಲ ಎಂಬುದೇ ಅವಳನ್ನು ಹೆಚ್ಚು ಚುಚ್ಚಿತು.

ಮರುದಿನ ಗದಗಿನಲ್ಲಿ ಗಡಿಗೆ ಖಾಲಿಯಾದ ಮೇಲೆ ಅವಳು ಸೀದಾ ತೌಹೀದನ ಪಾತ್ರೆ ಅಂಗಡಿಗೆ ಹೋದಳು. ಅಂಥ ಡಬ್ಬಿ ಅಲ್ಲಿಯೂ ಇತ್ತು. ತೌಹೀದ ಅದನ್ನು ಕಾಗದದಲ್ಲಿ ಸುತ್ತುತ್ತ ಹೇಳಿದ, “ಅಮ್ಮಾರ, ಇದನ್ನ ಬೂದಿ ಗೀದಿ ಹಾಕಿ ತಿಕ್ಕಬ್ಯಾಡ್ರಿ. ಮೆತ್ತನ್ನ ಅರಬಿಲೆ ಒರಸಿದ್ರ ಸಾಕು. ಇನ್ನೊಂದ ಮಾತು ಕೇಳ್ರಿ ಇಲ್ಲೆ...”

“ಪಾತ್ರಿ ತೊಳಿಯೂದು ನೀ ನನಗ ಕಲಸ್ತೀ ಏನಪಾ?” ಎಂದು ಅವಳು ಡಬ್ಬಿ ಕಸಿದುಕೊಂಡು ಸೆರಗಿನಡಿ ಮುಚ್ಚಿಕೊಂಡಳು. ಇನ್ನೊಂದು ಮಾತನ್ನು ಕೇಳಲು ನಿಲ್ಲಲಿಲ್ಲ.

ಡಬ್ಬಿ ತಂದವಳು ಅದರಲ್ಲಿ ಮೊಸರು ತುಂಬಲಿಲ್ಲ. ಮೊಸರು ತುಂಬಿ ಮಾರಲು ಹೋದರೆ ಜನ ನೋಡುತ್ತಾರೆ. ಭಾಗ್ಯಾಳನ್ನು ನೋಡಿ ಕಲಿತಳು ಅನ್ನುತ್ತಾರೆ. ಅವಳ ಲೆಕ್ಕ ಬೇರೆಯಿತ್ತು. ಮೊಸರಿಗೆ ಮೂಲ ಹೆಪ್ಪು. ಬೆಳ್ಳಿ ಡಬ್ಬಿ ಅಷ್ಟು ಒಳ್ಳೆಯದೇ ಆದರೆ ಮನೆಯ ಅತಿ ಒಳ್ಳೆಯ ವಸ್ತುವನ್ನು ಅದರಲ್ಲಿ ಇಡಬೇಕು. ಭಾಗ್ಯಾ ಮೊಸರಿಗೆ ಬೆಳ್ಳಿ ತೋರಿಸಿದಳು, ತಾನು ಬೇರಿಗೇ ತೋರಿಸಬೇಕು. ದಿನಾ ಬೆಳಿಗ್ಗೆ ಗಡಿಗೆಯಿಂದ ಒಂದು ಸೌಟು ಹೆಪ್ಪು ತೆಗೆದು ಡಬ್ಬಿಗೆ ಹಾಕುವುದು, ರಾತ್ರಿ ಉಗುರುಬೆಚ್ಚಗಿನ ಹಾಲಿಗೆ ಅದನ್ನೇ ಬೆರೆಸುವುದು, ಡಬ್ಬಿಯನ್ನು ಬೂದಿ ಉಸುಕಿನಲ್ಲಿ ಬೆಳ್ಳಗೆ ಬೆಳಗುವುದು. ಹೆಪ್ಪು ಇಡುತ್ತಿದ್ದ ಹಳೆಯ ಕುಡಿಕೆಯನ್ನು ಕೊಟ್ಟಿಗೆಯ ಮೂಲೆಗೆ ಎಸೆದಳು.

ಮೊದಲು ಏನೂ ಗೊತ್ತಾಗಲಿಲ್ಲ. ಆಮೇಲೆ ಮೊಸರು ಸೌಟಿಗೆ ಮೊದಲಿನಂತೆ ಕೊಯ್ಯಿಸಿಕೊಳ್ಳಲಿಲ್ಲ. ಹಾಲು ಕಡಿಮೆ ಕಾದಿರಬೇಕು ಎಂದುಕೊಂಡು ಇನ್ನೊಂದು ಕುದಿ ಕಾಯಿಸಿದಳು. ಮೊಸರು ಮತ್ತಷ್ಟು ಸಡಿಲಾಯಿತು. ಎಮ್ಮೆಯ ಹಿಂಡಿ ಬದಲಿಸಿದಳು. ಮೊಸರು ಲೋಳೆ ಲೋಳೆಯಾಗಿ ಎಳೆ ಬಿಡತೊಡಗಿತು. ಅವಳಿಗೆ ಆಗ ಕಾರಣ ಹೊಳೆಯಿತು: ಗೋಡೆಯ ಆಚೆಯವಳ ಕಣ್ಣು! ಸಂಜೆ ಮಾರಿ ರುಚಿ ಕಂಡವಳಿಗೆ ಈಗ ಗದಗಿನ ಖಾನಾವಳಿಯೂ ಬೇಕಾಗಿದೆ. ತನ್ನ ಗಡಿಗೆ ಕಂಡರೆ ಅವಳಿಗೆ ಹೊಟ್ಟೆಯುರಿ.

ಅಮಾವಾಸ್ಯೆಯ ದಿನ ಉಪ್ಪು, ಒಣಮೆಣಸಿನಕಾಯಿ ಹಿಡಿದು ಗಡಿಗೆಗೆ ಇಳಿ ತೆಗೆದು ಒಲೆಗೆ ಹಾಕಿದಳು. ಮೆಣಸಿನಕಾಯಿ ಸುಟ್ಟರೂ ಘಾಟು ಬರಲಿಲ್ಲ. ದೃಷ್ಟಿ ತಾಗಿದ್ದರೆ ಘಾಟು ಬರುವುದಿಲ್ಲ ಎಂಬ ನಂಬಿಕೆ.

“ನೋಡ್ರಿ,” ಎಂದು ಗಂಡನನ್ನು ಕರೆದು ತೋರಿಸಿದಳು, “ಕೆಮ್ಮಾದರೂ ಬಂತೇನ ನಿಮಗ? ಎಂಥಾ ಕಣ್ಣು ಬಿದ್ದೈತಿ!”

“ಮೆಣಸಿನಕಾಯಿ ಹಳೇವು,” ಎಂದ ಮುದಕಪ್ಪ. “ಹೋದ ವರ್ಷದ್ದು ಖಾಲಿ ಆಗಲೆಂತ ನೀನಽ ಹೇಳಿದ್ದಿ.”

ಮರುದಿನದ ಗಡಿಗೆ ಇನ್ನೂ ತೆಳುವಾಗಿತ್ತು. ಖಾನಾವಳಿಯಲ್ಲಿ ಮುತ್ತಣ್ಣ ಎಂದಿನಂತೆ ಗಡಿಗೆಯನ್ನು ಓರೆ ಮಾಡಿ ನೋಡಿದ. ಒಳ್ಳೆಯ ಮೊಸರಾದರೆ ಅಲ್ಲಾಡುವುದಿಲ್ಲ. ಇದು ಬಾಯಿಯವರೆಗೆ ಹರಿದು ಬಂತು. ಅವನು ಗಡಿಗೆಯನ್ನು ನೆಟ್ಟಗೆ ಮಾಡಿ ಕೈ ಒರೆಸಿಕೊಂಡ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಅದು ಅವಳಿಗೆ ಸಿಟ್ಟಿಗಿಂತ ಭಾರವಾಯಿತು.

“ಅಕ್ಕಾರ, ನಿನ್ನೆ ಒಬ್ಬಾವ ತಾಟನ್ಯಾಗ ಹಂಗಽ ಬಿಟ್ಟು ಎದ್ದ. ಮೊನ್ನೆ ಇಬ್ಬರು. ನಾ ಏನರೆ ಅಂದೆನೇನ ನಿಮಗ? ಆದ್ರ ನಾಳಿನೂ ಹಿಂಗಽ ಇದ್ರ ಇಳಸಬ್ಯಾಡ್ರಿ ಗಡಿಗಿ. ಬ್ಯಾರೆದವರನ್ನ ನೋಡಿಕೊಳ್ತೀನಿ.”

ಬೇರೆಯವರು ಅಂದರೆ ಯಾರು ಎಂದು ಅವಳು ಕೇಳಲಿಲ್ಲ. ಕೇಳದೆಯೇ ಅವಳಿಗೆ ನೀಲಿ ಮುಚ್ಚಳ ಕಂಡಿತು.

ಆ ಮಧ್ಯಾಹ್ನ ಶೀತಲ್ ಬಂದಳು. ಮುಳಗುಂದದ ಬಸದಿ ಓಣಿಯ ಹುಡುಗಿ, ಗದಗಿನ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುತ್ತಾಳೆ. ರಜೆಯ ದಿನ ಮೊಸರು ಒಯ್ಯಲು ತಾನೇ ಬರುತ್ತಾಳೆ. ಸಾವಿತ್ರೆವ್ವ ಇಲ್ಲವೆಂದಳು, ಕಣ್ಣು ಬಿದ್ದ ಕಥೆಯನ್ನೆಲ್ಲ ಬಿಡಿಸಿ ಹೇಳಿದಳು. ಶೀತಲಳ ಗಮನ ಬಂಡೆಗಲ್ಲಿನ ಮೇಲೆ ಬೋರಲು ಹಾಕಿದ್ದ ಡಬ್ಬಿಯ ಮೇಲಿತ್ತು. ಎತ್ತಿ ಒಳಗೆ ನೋಡಿದಳು. ಬಿಳುಪಿನ ಮೇಲೆ ಗೀರುಗಳು ಬಲೆಯ ಹಾಗೆ ಹರಡಿದ್ದವು.

“ಇದರಾಗ ಏನ ಇಡ್ತೀರಿ ಅಮ್ಮಾರ?”

ಸಾವಿತ್ರೆವ್ವ ಗೋಡೆಯ ಕಡೆ ನೋಡಿ ದನಿ ತಗ್ಗಿಸಿದಳು. “ಹೆಪ್ಪು.”

“ತೊಳಿಯೂದು?”

“ಬೂದಿ, ಉಸುಕು. ನನ್ನ ಕೈಯಾಗ ಜಿಡ್ಡು ಅನ್ನೂದು ಉಳಿಯಂಗಿಲ್ಲ.”

“ಬೆಳ್ಳಿನೂ ಉಳಿದಂಗ ಕಾಣೂದಿಲ್ಲ,” ಎಂದಳು ಶೀತಲ್. ನಗಲಿಲ್ಲ. “ಇದರ ಬೆಳ್ಳಿ ಕ್ರಿಮಿ ಕೊಲ್ತೈತಿ. ಆದ್ರ ಹೆಪ್ಪಿನ್ಯಾಗ ಇರೂದೂ ಕ್ರಿಮೀನ ಅಲ್ರಿ? ಹಾಲು ಮೊಸರ ಮಾಡೂದು ಅವಽ. ಚೊಲೊ ಯಾವುದು, ಕೆಟ್ಟದ್ದು ಯಾವುದಂತ ಬೆಳ್ಳಿಗೆ ಹೆಂಗ ಗೊತ್ತಾಗಬೇಕು? ತಯಾರಾದ ಮೊಸರು ಒಂದ ದಿನ ಇಟ್ರ ಹುಳಿ ಆಗೂದು ತಡಾ ಆಗಬಹುದು. ಹೆಪ್ಪನ್ನ ದಿನಾ ಅದರಾಗಽ ಇಟ್ಟು, ಮ್ಯಾಲೆ ಉಸುಕು ಹಾಕಿ ತಿಕ್ಕಿದ್ರ, ಉದುರಿದ ಬೆಳ್ಳಿ ಹೆಪ್ಪಿಗೇ ಕೂಡ್ತೈತಿ. ಪರೀಕ್ಷಾ ಮಾಡದಽ ಪಕ್ಕಾ ಹೇಳಾಕ ಬರಂಗಿಲ್ಲ. ನನಗನಸೂದು ಇದು.”

“ಹಂಗಾರ ಇದು ವಿಷ ಏನವಾ?”

“ವಿಷ ಅನ್ನಬ್ಯಾಡ್ರಿ. ನಮ್ಮ ಅಪ್ಪಾರ ಕಾಲು ಸುಟ್ಟಾಗ ದವಾಖಾನ್ಯಾಗ ಹಚ್ಚಿದ ಪಟ್ಟಿಯೊಳಗ ಇದಽ ಬೆಳ್ಳಿ ಇತ್ತು. ಗಾಯ ಕೀವು ಆಗಲಿಲ್ಲ. ಅಲ್ಲೆ ಬೇಕದು. ಆದ್ರ ಇಷ್ಟು ಸಣ್ಣ ಕಣ ತೊಳದ ನೀರಿನ ಜೋಡಿ ಹೋಗಿ ಎಲ್ಲೆ ಕೂಡ್ತಾವು, ಮಣ್ಣಾಗ ಏನ ಮಾಡ್ತಾವು ಅನ್ನೂದು ಇನ್ನೂ ಪೂರಾ ತಿಳಿದಿಲ್ಲ. ನೋಡಾಕತ್ತಾರ. ಮಾರಾಟ ಮೊದಲ ಬಂತು, ತಿಳುವಳಿಕಿ ಹಿಂದ ಬರಾಕತ್ತೈತಿ.”

ಸಾವಿತ್ರೆವ್ವ ಬಂಡೆಗಲ್ಲಿನಿಂದ ಹೊರಟ ಕಾಲುವೆಯನ್ನು ನೋಡಿದಳು. ಬೂದಿ ನೀರು ಹರಿದು ತಿಪ್ಪೆಗೆ ಸೇರುತ್ತಿತ್ತು. ತಿಪ್ಪೆಯ ಗೊಬ್ಬರ ಮಾಗಿ ಹೊಲಕ್ಕೆ ಹೋಗುವುದು. ಆದರೆ ಖರೆ ಹೇಳಬೇಕೆಂದರೆ ಆ ಹೊತ್ತು ಅವಳಿಗೆ ಹೊಲದ ಚಿಂತೆ ಅರ್ಧ ಗಳಿಗೆಯೂ ನಿಲ್ಲಲಿಲ್ಲ. ಮಾಡಿನಿಂದ ಬಿದ್ದವಳಿಗೆ ಮೊದಲು ನೆನಪಾಗುವುದು ಯಾರಾದರೂ ನೋಡಿದರೇ ಎಂಬುದು. ಅಂದರೆ ಗಡಿಗೆಯ ಮೇಲೆ ಭಾಗ್ಯಾಳ ಕಣ್ಣು ಬಿದ್ದಿರಲಿಲ್ಲ. ಬಿದ್ದದ್ದು ತನ್ನ ಕಣ್ಣೇ, ಅವಳ ಡಬ್ಬಿಯ ಮೇಲೆ.

ಈಗ ಅತ್ತೆಯ ಹೆಪ್ಪು ಮನೆಯಲ್ಲಿ ಉಳಿದಿರಲಿಲ್ಲ. ಓಣಿಯಲ್ಲಿ ಯಾರನ್ನು ಕೇಳಿದರೂ ಒಂದು ಬಟ್ಟಲು ಹೆಪ್ಪು ಕೊಡುತ್ತಿದ್ದರು. ಆದರೆ ಮೊಸರಿನವಳು ಹೆಪ್ಪು ಕೇಳಿಕೊಂಡು ಬಂದಳೆಂಬ ಸುದ್ದಿ ಅವಳಿಗಿಂತ ಮೊದಲು ಬಸ್ಸು ಹತ್ತುತ್ತಿತ್ತು. ಅಲ್ಲದೆ ಬೇರೆಯವರ ಹೆಪ್ಪಿಗೆ ಬೇರೆ ರುಚಿ. ಮುತ್ತಣ್ಣನ ನಾಲಿಗೆ ಅದನ್ನು ಹಿಡಿಯದೆ ಬಿಡುವುದಿಲ್ಲ. ಆ ರುಚಿ ಉಳಿದದ್ದು ಒಂದೇ ಮನೆಯಲ್ಲಿ, ಗೋಡೆಯ ಆಚೆ.

ಮಧ್ಯಾಹ್ನವೆಲ್ಲ ಅವಳು ಹೋಗಲೋ ಬೇಡವೋ ಎಂದು ಒಳಗೂ ಹೊರಗೂ ತಿರುಗಿದಳು. ಎಮ್ಮೆಗೆ ಎರಡು ಸಲ ನೀರು ತೋರಿಸಿದಳು. ಕೊನೆಗೆ ಭಾಗ್ಯಾಳ ಹೊಸ್ತಿಲು ಹತ್ತುವಾಗ ಹೊತ್ತು ಮುಳುಗಿತ್ತು. ದೇವರ ಮುಂದೆ ದೀಪ ಉರಿಯುತ್ತಿತ್ತು.

“ಬರ್ರಿ ಅಕ್ಕಾರ, ಕುಂಡ್ರಿ. ಏನ ಅಪರೂಪಕ್ಕ?”

“ಏನಿಲ್ಲ. ಚಾಪುಡಿ ತೀರೇತಿ. ಒಂದೀಟು ಐತೇನ?”

ಭಾಗ್ಯಾ ಚಹಾಪುಡಿ ಕಟ್ಟಿಕೊಟ್ಟಳು. ಸಾವಿತ್ರೆವ್ವ ಪೊಟ್ಟಣ ಹಿಡಿದು ಅಲ್ಲೇ ನಿಂತಳು.

“ಸಕ್ಕರಿನೂ ಬೇಕೇನ್ರಿ?”

“ಬ್ಯಾಡ.” ಅವಳು ಪೊಟ್ಟಣದ ಗಂಟನ್ನು ಬಿಚ್ಚಿ ಮತ್ತೆ ಕಟ್ಟಿದಳು. “ಹೆಪ್ಪು... ಹೆಪ್ಪು ಹೊಂಟ ಹೋಗೇತಿ ಭಾಗ್ಯಾ. ನಾಳಿ ಗಡಿಗಿ ಚೊಲೊ ಆಗಲಿಲ್ಲಂದ್ರ ಮುತ್ತಣ್ಣ ಇಳಸಬ್ಯಾಡ ಅಂದಾನ.”

ಭಾಗ್ಯಾ ಅವಳನ್ನು ನೋಡಿದಳು, ದೀಪವನ್ನು ನೋಡಿದಳು.

“ದೀಪ ಹಚ್ಚೇನಲ್ರಿ ಅಕ್ಕಾರ.”

ಸಾವಿತ್ರೆವ್ವ ತಲೆಯಾಡಿಸಿದಳು. ಬೆಕ್ಕು ಕುಡಿಕೆ ಉರುಳಿಸಿದ ಸಂಜೆ ಇಬ್ಬರಿಗೂ ನೆನಪಿತ್ತು. ಅವಳು ಹೊಸ್ತಿಲ ಕಡೆ ತಿರುಗಿದಳು.

“ನಿಲ್ರಿ ಹಂಗಽ. ಹೆಪ್ಪು ಹೊರಗ ಹೋಗಬಾರದು ಅಂದಿದ್ರಿ. ಹಾಲು ಒಳಗ ಬರಬಾರದು ಅಂದಿದ್ರೇನು? ಹೋಗಿ ನಿಮ್ಮ ಹಾಲು ತೊಗೊಂಡ ಬರ್ರಿ. ಇಲ್ಲೇ ಹಾಕ್ತೀನಿ. ಜಲ್ದಿ, ಹಾಲು ಆರಿ ಹೋದಾವು.”

ಹಾಗೆ ಸಾವಿತ್ರೆವ್ವನ ಹಾಲು ಅವಳದೇ ಗಡಿಗೆಯಲ್ಲಿ ಭಾಗ್ಯಾಳ ಒಲೆಯ ಪಕ್ಕಕ್ಕೆ ಬಂತು. ಭಾಗ್ಯಾ ಮೂಲೆಯಿಂದ ಮಣ್ಣಿನ ಕುಡಿಕೆ ತೆಗೆದಳು. ಹೆಪ್ಪು ಇದ್ದದ್ದು ಅದರಲ್ಲಿ. ಬಿಳಿ ಡಬ್ಬಿಗಳು ಮೇಲಿನ ಗೂಡಿನಲ್ಲಿ ಖಾಲಿ ಕುಳಿತಿದ್ದವು.

“ಡಬ್ಯಾಗ ಇಡಂಗಿಲ್ಲ ನೀನು?”

“ಹೆಪ್ಪಾ? ಇಲ್ಲ ತಗೋರಿ. ಹುಲಕೋಟ್ಯಾಗ ಮೊದಲ ದಿನಾನಽ ಹೇಳಿದ್ರು, ಅದರಾಗ ಹೆಪ್ಪು ಇಡಬ್ಯಾಡ್ರಿ, ತಿಕ್ಕಬ್ಯಾಡ್ರಿ ಅಂತ.”

“ನನಗ ಒಂದ ಮಾತು ಹೇಳಬಾರದಿತ್ತೇನು?”

“ನಿಮ್ಮ ಕಡೆ ಡಬ್ಬಿ ಐತಂತ ನನಗೇನ ಕನಸು ಬೀಳ್ತೈತ್ರಿ?” ಭಾಗ್ಯಾ ಹಾಲಿನಲ್ಲಿ ಕಿರುಬೆರಳಿಟ್ಟು ಬಿಸಿ ನೋಡಿದಳು. “ಗ್ವಾಡಿ ಮ್ಯಾಲೆ ನಿಮ್ಮ ತಲಿ ದಿನಾ ಕಾಣ್ತಿತ್ತು. ಕೈ ಕಾಣ್ತಿದ್ದಿಲ್ಲ.”

ಅವಳು ಹೆಪ್ಪು ಹಾಕಿ ಕಲಕಿದಳು. ಸಾವಿತ್ರೆವ್ವ ಆ ಕೈಯನ್ನೇ ನೋಡುತ್ತ ಕುಳಿತಳು. ಭಾಗ್ಯಾ ಸೌಟು ಎಡಕ್ಕೆ ತಿರುಗಿಸುತ್ತಿದ್ದಳು, ತಾನಾದರೆ ಬಲಕ್ಕೆ. ಹೇಳಲು ಬಾಯಿ ತೆರೆದಳು, ಮುಚ್ಚಿದಳು.

ಬೆಳಿಗ್ಗೆ ಗಡಿಗೆಯನ್ನು ಓರೆ ಮಾಡಿದರೆ ಮೊಸರು ಅಲುಗಲಿಲ್ಲ. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತ ಸಾವಿತ್ರೆವ್ವನಿಗೆ ಸಂತೋಷವಾಗಬೇಕಿತ್ತು. ಆಯಿತು ಕೂಡ. ಆದರೆ ಅದರೊಳಗೆ ಒಂದು ಹರಳು ಚುಚ್ಚುತ್ತಿತ್ತು: ಹಾಲು ತನ್ನದು, ಗಡಿಗೆ ತನ್ನದು, ಕೈ ಅವಳದು.

ಮುತ್ತಣ್ಣ ಸೌಟಿನ ತುದಿಯಿಂದ ಒಂದು ಚೂರು ಕೊಯ್ದು ಬಾಯಿಗಿಟ್ಟುಕೊಂಡ. ಕಣ್ಣು ಮುಚ್ಚಿದ.

“ಈಗ ಬಂತು ನೋಡ್ರಿ ಸಾವಿತ್ರೆವ್ವನ ಮೊಸರು! ಎಲ್ಲೆ ಹೋಗಿತ್ರಿ ಇಷ್ಟ ದಿನ? ತವರಮನಿಗೆ?”

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಅಷ್ಟಕ್ಕೇ ಮುಗಿದಿದ್ದರೆ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಇವತ್ತಿನ ಗಡಿಗೆಯಿಂದ ಹೆಪ್ಪಿಗೆಂದು ಒಂದು ಸೌಟು ತೆಗೆದಿಟ್ಟೇ ಬಂದಿದ್ದಳು. ನಾಳೆಯಿಂದ ಭಾಗ್ಯಾಳ ಹಂಗಿಲ್ಲ. ಆದರೆ ಮುತ್ತಣ್ಣ ಗಡಿಗೆಯನ್ನು ಒಳಗೆ ಕಳಿಸಿ ಅವಳ ಕಡೆ ತಿರುಗಿದ.

“ಒಂದ ಮಾತು ಕೇಳಬೇಕಿತ್ತು ಅಕ್ಕಾರ. ರಾತ್ರಿ ಊಟಕ್ಕ ನಿಮ್ಮ ಮೊಸರು ಹುಳಿ ಬರ್ತೈತಿ, ಅದು ಗಡಿಗಿ ತಪ್ಪಲ್ಲ, ಬಿಸಿಲಿನ ತಪ್ಪು. ನಿಮ್ಮ ಊರಾಗ ಭಾಗ್ಯಾ ಅಂತ ಒಬ್ಬಾಕಿ ಡಬ್ಯಾಗ ಹಾಕಿ ಮಾರ್ತಾಳಂತ, ಸಂಜೀತನಾ ಹುಳಿ ಬರಂಗಿಲ್ಲಂತ. ನಿಮ್ಮ ನೆಗೆಣ್ಣಿನಽ ಅಂದ್ರು. ರಾತ್ರಿದು ಆಕಿಗೆ ಹೇಳಲೇನು? ನೀವು ಹೂಂ ಅಂದ್ರ ಹೇಳ್ತೀನಿ, ಊಂಹೂಂ ಅಂದ್ರ ಬಿಡ್ತೀನಿ. ಮೊಸರು ಹೆಂಗ ಆಕೀದು?”

ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ಸದ್ದು ಒಂದೇ ಸಮ ಕೇಳುತ್ತಿತ್ತು. ರಾತ್ರಿ ಉಣ್ಣಲು ಬರುವವರು ಹಗಲಿಗಿಂತ ಹೆಚ್ಚು. ಇದು ಸಾವಿತ್ರೆವ್ವನಿಗೆ ಗೊತ್ತಿತ್ತು. ಆಕೆಯ ಕೈ ಅಷ್ಟು ಶುದ್ಧವಲ್ಲ ಎಂದರೆ ಸಾಕಿತ್ತು. ಆ ಮಾತು ನಾಲಿಗೆಯ ತುದಿಗೆ ಬಂದು ನಿಂತಿತ್ತು. ಅವಳು ಗಡಿಗೆಯ ಅಡಿಗೆ ಇಡುವ ಬಟ್ಟೆಯ ಸಿಂಬಿಯನ್ನು ಸರಿಮಾಡಿದಳು, ಮತ್ತೆ ಸರಿಮಾಡಿದಳು.

“ಈಗ ತಿಂದ್ರಲ್ಲ,” ಎಂದಳು ಕೊನೆಗೆ, ಅವನ ಮುಖ ನೋಡದೆ, “ಅದು ಆಕಿನಽ ಹಾಕಿದ ಹೆಪ್ಪು.”

ಮುತ್ತಣ್ಣ ಹುಬ್ಬೇರಿಸಿದ.

“ಹೆಪ್ಪು ನಮ್ಮತ್ತೀದು,” ಎಂದು ಅವಳು ಗಟ್ಟಿಯಾಗಿ ಸೇರಿಸಿದಳು. “ಹಾಲು ನಂದು. ಆಕಿ ಹಾಕ್ಯಾಳ ಅಷ್ಟಽ. ಮೊಸರು ಚೊಲೊ ಮಾಡ್ತಾಳ. ಪಾತ್ರಿ ತಿಕ್ಕೂದು ಮಾತ್ರ ಬರಂಗಿಲ್ಲ ಆಕಿಗೆ.”

“ಹಂಗಾರ ಹೂಂ ಅಂದಂಗ ಆತು?”

“ಹೂಂ.”

ಊರಿಗೆ ಬಂದು ಸುದ್ದಿಯನ್ನು ಅವಳು ತಾನೇ ಹೇಳಲಿಲ್ಲ, ಮುದಕಪ್ಪನ ಕೈಯಲ್ಲಿ ಹೇಳಿಕಳಿಸಿದಳು. ಅವಳ ಡಬ್ಬಿಯಲ್ಲಿ ಈಗ ಸೂಜಿ ದಾರ, ಕಿತ್ತುಬಂದ ಗುಂಡಿಗಳಿವೆ. ತೊಳೆದ ನೀರು ಸೇರಿದ ತಿಪ್ಪೆಯ ಮಣ್ಣನ್ನು ಒಂದು ಸೀಸೆಯಲ್ಲಿ ತುಂಬಿ ಶೀತಲ್ ಕಾಲೇಜಿಗೆ ಒಯ್ದಿದ್ದಾಳೆ. ಏನು ಕಂಡಿತೆಂದು ಇನ್ನೂ ಹೇಳಿಲ್ಲ.

ಮುಂದಿನ ಸೋಮವಾರದಿಂದ ಭಾಗ್ಯಾಳ ಡಬ್ಬಿಗಳೂ ಬೆಳಗಿನ ಅದೇ ಬಸ್ಸಿಗೆ ಗದಗಿಗೆ ಹೊರಟವು. ಸಾವಿತ್ರೆವ್ವ ಮೊದಲು ಹತ್ತಿದಳು, ಕಿಟಕಿಯ ಪಕ್ಕ ಕುಳಿತಳು, ಬಗಲಿನ ಸೀಟಿನ ಮೇಲೆ ಗಡಿಗೆ ಇಟ್ಟಳು. ಭಾಗ್ಯಾ ಹಿಂದಿನ ಸೀಟಿಗೆ ಹೋದಳು.